ಹಕ್ಕೆಂದರೆ ಉತ್ತರ ಹೇಳಬೇಕಾದವರು ಇರಬೇಕು

ಸಂಪಾದಕರಿಗೆ,

ಮಾನ್ಯರೇ,

ವಿಶ್ವಸಂಸ್ಥೆ 1948ರಲ್ಲಿ ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿದ ದಿನ, ಡಿಸೆಂಬರ್ 10, ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ಕಾಲೇಜುಗಳಲ್ಲಿ ಭಾಷಣ, ಪತ್ರಿಕೆಗಳಲ್ಲಿ ಗಣ್ಯರ ಸಂದೇಶ. ಭಾಷಣಗಳಲ್ಲಿ ಎರಡು ಮಾತು ತಪ್ಪುವುದಿಲ್ಲ. ಮಾನವ ಹಕ್ಕು ಪಶ್ಚಿಮದವರು ನಮಗೆ ಕೊಟ್ಟ ಕಾಣಿಕೆ ಎನ್ನುವುದು ಒಂದು. ಪಂಪನಿಂದ ಬಸವಣ್ಣನವರೆಗೆ ನಮ್ಮವರು ಎಂದೋ ಹೇಳಿ ಮುಗಿಸಿದ್ದಾರೆ, ಇದರಲ್ಲಿ ಹೊಸದೇನಿದೆ ಎನ್ನುವುದು ಇನ್ನೊಂದು. ಮಗನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿಕೊಂಡಿದ್ದಾರೆಂದು ರಾತ್ರಿ ಓಡಿಬರುವ ತಾಯಿಗೆ ಈ ಎರಡರಿಂದಲೂ ಮೂರು ಕಾಸಿನ ಉಪಯೋಗವಿಲ್ಲ.

ಎಲ್ಲರೂ ಸಮಾನರು ಎಂದರೆ ಅದು ನೀತಿ. ಹಾಗೆ ನಡೆದುಕೊಳ್ಳದಿದ್ದರೆ ಯಾರು, ಯಾರ ಮುಂದೆ, ಎಷ್ಟು ದಿನದೊಳಗೆ ಉತ್ತರ ಹೇಳಬೇಕು ಎಂದು ಗೊತ್ತುಮಾಡಿದರೆ ಅದು ಹಕ್ಕು. ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ ದೊರೆ ಮತ್ತು ಜಮೀನ್ದಾರರ ನಡುವಿನ ಕರಾರಾಗಿತ್ತು. 1776ರಲ್ಲಿ ಸಮಾನತೆ ಸಾರಿದ ಅಮೆರಿಕದವರು ಗುಲಾಮರನ್ನು ಬಿಡಲಿಲ್ಲ. 1789ರಲ್ಲಿ ಮನುಷ್ಯನ ಹಕ್ಕು ಸಾರಿದ ಫ್ರಾನ್ಸ್ ತನ್ನ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟದ್ದು 1944ರಲ್ಲಿ. ಯಾವ ದೇಶ ತನ್ನ ಪ್ರಜೆಯನ್ನು ಹೇಗೆ ನಡೆಸಿಕೊಂಡರೂ ಹೊರಗಿನವರು ಕೇಳುವಂತಿಲ್ಲ ಎಂಬುದೇ ಅಂದಿನ ರಿವಾಜು. ಅದು ಮುರಿದದ್ದು ಹಿಟ್ಲರನ ಕಾಲದ ನಂತರ. 1935ರ ನ್ಯೂರೆಂಬರ್ಗ್ ಕಾಯ್ದೆಗಳು ಯಹೂದಿಗಳ ಪೌರತ್ವ ಕಿತ್ತುಕೊಂಡದ್ದು ಕಾನೂನು ಮೀರಿ ಅಲ್ಲ, ಕಾನೂನು ಮಾಡಿಯೇ. ದೇಶದ ಕಾನೂನೇ ಕೊಲೆಗೆ ದಾರಿ ಮಾಡಿಕೊಟ್ಟಾಗ ಅದನ್ನು ಅಳೆಯಲು ಅದಕ್ಕಿಂತ ಮೇಲಿನ ಒಂದು ಅಳತೆಗೋಲು ಬೇಕಾಯಿತು.

ಇಲ್ಲಿ ಮೈಸೂರಿಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಭಾಷಣಕಾರರು ಇದನ್ನು ಯಾಕೋ ಎತ್ತುವುದಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗವನ್ನು 1946ರಲ್ಲಿ ರಚಿಸಿದ್ದು ಅದರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ. ಮಂಡಳಿಯ ಮೊದಲ ಅಧ್ಯಕ್ಷರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಅದೇ ವರ್ಷ ಅವರು ಮೈಸೂರಿಗೆ ದಿವಾನರಾಗಿ ಬಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಆರಂಭವಾದಾಗ ಬೀದಿಬೀದಿಯಲ್ಲಿ ಕೇಳಿದ ಘೋಷಣೆ ‘ಆರ್ಕಾಟ್ ಬಾಯ್ಕಾಟ್’. ಅಕ್ಟೋಬರಿನಲ್ಲಿ ಮಹಾರಾಜರು ಮಣಿದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರ ಎಂದು ವಿಶ್ವಸಂಸ್ಥೆಯ ಘೋಷಣೆಯ 21ನೇ ವಿಧಿ ಹೇಳಿದ್ದು ಅದಾದ ಒಂದು ವರ್ಷದ ಮೇಲೆ. ಮೈಸೂರಿನ ಜನ ಆ ಪಾಠವನ್ನು ಪ್ಯಾರಿಸ್ಸಿನಿಂದ ಕಲಿಯಲಿಲ್ಲ.

ಹೊರಗಿನವರು ಕೇಳಬಹುದೇ ಎಂಬ ಪ್ರಶ್ನೆಯನ್ನು ಮೊದಲು ಪಟ್ಟಾಗಿ ಎತ್ತಿದ್ದೂ ಭಾರತವೇ, ಅದೂ ಸ್ವಾತಂತ್ರ್ಯ ಬರುವ ಮೊದಲೇ. ದಕ್ಷಿಣ ಆಫ್ರಿಕಾ 1946ರಲ್ಲಿ ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಎಳೆಯುವ ಕಾಯ್ದೆ ತಂದಿತು. ಭಾರತ ವಿಶ್ವಸಂಸ್ಥೆಗೆ ದೂರು ಕೊಟ್ಟಿತು, ವಿಜಯಲಕ್ಷ್ಮಿ ಪಂಡಿತರು ಮಹಾಸಭೆಯಲ್ಲಿ ವಾದಿಸಿದರು. ಇದು ನಮ್ಮ ಮನೆಯ ವಿಷಯ ಎಂದು ಎದುರು ನಿಂತವರು ಅಲ್ಲಿನ ಪ್ರಧಾನಿ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಮೊದಲ ಕರಡು ಬರೆದವರೂ ಅವರೇ. ಡಿಸೆಂಬರ್ 8ರಂದು ನಿರ್ಣಯ 32–15 ಮತಗಳಿಂದ, ಮೂರನೇ ಎರಡರ ಬಹುಮತದೊಡನೆ, ಪಾಸಾಯಿತು. 7 ದೇಶ ತಟಸ್ಥ. ಕಾಣಿಕೆ ಪಡೆಯುವವರು ಹೀಗೆ ಹೋಗಿ ಜಗಳವಾಡುವುದಿಲ್ಲ.

ಇನ್ನು ಘೋಷಣೆಯ ಪಾಠ. ವಿಶ್ವಸಂಸ್ಥೆಯ ಕಚೇರಿಯಲ್ಲಿದ್ದ ಕೆನಡಾದ ಜಾನ್ ಹಂಫ್ರಿ 48 ವಿಧಿಗಳ ಮೊದಲ ಕರಡು ಸಿದ್ಧಮಾಡಿದರು. ಫ್ರಾನ್ಸಿನ ರೆನೆ ಕಾಸಾನ್ ಅದನ್ನು ತಿದ್ದಿ ಹೊಂದಿಸಿದರು. 18 ಸದಸ್ಯರ ಆಯೋಗದ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್. ಉಪಾಧ್ಯಕ್ಷರು ಚೀನಾದ ಪಿ.ಸಿ. ಚಾಂಗ್, ವರದಿಗಾರರು ಲೆಬನಾನಿನ ಚಾರ್ಲ್ಸ್ ಮಲಿಕ್. ಭಾರತದಿಂದ ಹಂಸಾ ಮೆಹ್ತಾ. ಆಯೋಗದಲ್ಲಿ ರೂಸ್‌ವೆಲ್ಟರನ್ನು ಬಿಟ್ಟರೆ ಇದ್ದ ಒಬ್ಬರೇ ಮಹಿಳೆ. ಮೊದಲ ವಿಧಿಯ ಕರಡು ‘ಆಲ್ ಮೆನ್’ ಎಂದು ಶುರುವಾಗುತ್ತಿತ್ತು. ಮೆನ್ ಎಂದರೆ ಹೆಂಗಸರೂ ಬಂದಂತೆಯೇ ಎಂದು ಉಳಿದವರು ಸಮಾಧಾನ ಹೇಳಿದರು. ಹಂಸಾ ಮೆಹ್ತಾ ಒಪ್ಪಲಿಲ್ಲ, ಹೆಂಗಸರನ್ನು ಹೊರಗಿಡಬೇಕೆಂದಿರುವವರಿಗೆ ಇದೇ ಪದ ಸಾಕಾಗುತ್ತದೆ ಎಂಬುದು ಅವರ ವಾದ. ಮಹಿಳೆಯರ ಸ್ಥಾನಮಾನದ ಆಯೋಗವೂ ಅದನ್ನೇ ಒತ್ತಿತು. ಕೊನೆಗೆ ಉಳಿದದ್ದು ‘ಆಲ್ ಹ್ಯೂಮನ್ ಬೀಯಿಂಗ್ಸ್’. ಕನ್ನಡದಲ್ಲಿ ಓದುವವರಿಗೆ ಈ ಜಗಳ ಕಾಣುವುದೇ ಇಲ್ಲ, ಏಕೆಂದರೆ ನಮ್ಮ ‘ಮನುಷ್ಯ’ನಲ್ಲಿ ಹೆಣ್ಣೂ ಇದ್ದಾಳೆ. ಆದರೆ ಅದೇ ವಿಧಿಯ ಎರಡನೇ ವಾಕ್ಯದಲ್ಲಿ ‘ಸಹೋದರ ಭಾವ’ ಹಾಗೆಯೇ ಉಳಿದುಬಿಟ್ಟಿದೆ. ಗೆಲುವು ಅರ್ಧ ವಿಧಿಯವರೆಗೆ.

ಕನ್ನಡ ಪಾಠದ ಬಗ್ಗೆ ಒಂದು ಮಾತು. ಇಂಗ್ಲಿಷಿನ ಮೊದಲ ವಿಧಿಯಲ್ಲಿ ‘ಕಾನ್ಷನ್ಸ್’ ಎಂಬ ಪದವಿದೆ. ಅದು ಅಲ್ಲಿಗೆ ಬಂದದ್ದು ಚಾಂಗ್ ಅವರಿಂದ. ಅವರ ಮನಸ್ಸಿನಲ್ಲಿದ್ದದ್ದು ಚೀನೀ ಭಾಷೆಯ ‘ರೆನ್’: ಮನುಷ್ಯ ಎಂಬ ಗುರುತು, ಪಕ್ಕದಲ್ಲಿ ಎರಡು ಎಂಬ ಗುರುತು, ಅಂದರೆ ಇನ್ನೊಬ್ಬರ ಇರವನ್ನು ತನ್ನೊಳಗೆ ತಂದುಕೊಳ್ಳುವುದು. ಇಂಗ್ಲಿಷಿನಲ್ಲಿ ಅದು ಸೊರಗಿತು. ವಿಶ್ವಸಂಸ್ಥೆ ಪ್ರಕಟಿಸಿರುವ ಕನ್ನಡ ಪಾಠದಲ್ಲಿ ಆ ಜಾಗದಲ್ಲಿರುವ ಪದ ‘ಅಂತಃಕರಣ’. ‘ಅಂತಃಕರಣ ಇಲ್ಲದವ’ ಎಂದು ನಾವು ಯಾರನ್ನು ಬೈಯುತ್ತೇವೆಂದು ನೆನೆದರೆ, ಚಾಂಗ್ ಹೇಳಬೇಕೆಂದಿದ್ದದ್ದು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ ಬಂದಿದೆ. ಅನುವಾದ ಮಾಡಿದವರಿಗೆ ಇದು ಗೊತ್ತಿತ್ತೋ, ಕೈಗೂಡಿ ಬಂತೋ.

ಪ್ಯಾರಿಸ್ಸಿನಲ್ಲಿ 1948ರ ಶರತ್ಕಾಲದಲ್ಲಿ ಮಹಾಸಭೆಯ ಮೂರನೇ ಸಮಿತಿ ಈ ಪಾಠದ ಮೇಲೆ 81 ಬಾರಿ ಸಭೆ ಸೇರಿತು. ಮನುಷ್ಯ ದೇವರ ಪ್ರತಿರೂಪ ಎಂದು ಸೇರಿಸಬೇಕೆಂದು ಬ್ರೆಜಿಲ್ ಕೇಳಿತು, ಚಾಂಗ್ ಬೇಡವೆಂದರು. ಕರಡಿನಲ್ಲಿದ್ದ ‘ನಿಸರ್ಗದತ್ತವಾಗಿ’ ಎಂಬ ಮಾತನ್ನೂ ತೆಗೆದರು. ಹಕ್ಕು ಯಾರು ಕೊಟ್ಟದ್ದು ಎಂಬ ಜಾಗ ಹೀಗೆ ಖಾಲಿ ಉಳಿಯಿತು. ಇದು ಕೊರತೆ ಅಲ್ಲ, ಬೇಕೆಂದೇ ಬಿಟ್ಟ ಜಾಗ. ಅವರವರ ನಂಬಿಕೆಯನ್ನು ಅವರವರು ಅಲ್ಲಿ ಇಟ್ಟುಕೊಳ್ಳಬಹುದು. ಡಿಸೆಂಬರ್ 10ರಂದು 48 ದೇಶ ಪರ, ವಿರೋಧ ಸೊನ್ನೆ, 8 ತಟಸ್ಥ: ಸೋವಿಯತ್ ಬಣದ ಆರು, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ. ಆಫ್ರಿಕಾ ಖಂಡದಿಂದ ಆಗ ಸದಸ್ಯರಿದ್ದದ್ದು ನಾಲ್ಕೇ ದೇಶ, ಉಳಿದದ್ದೆಲ್ಲ ವಸಾಹತು. ಈ ಘೋಷಣೆಯನ್ನು ಟೀಕಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಕಾರಣ ಸಿಗದು, ಒಪ್ಪಬೇಕಾದ ಮಾತು.

ಇನ್ನೊಂದು ಕೊರತೆ ನಮಗೇ ಸೇರಿದ್ದು. ಭೇದ ಮಾಡಬಾರದು ಎನ್ನುವ 2ನೇ ವಿಧಿಯಲ್ಲಿ ಬಣ್ಣ, ಲಿಂಗ, ಭಾಷೆ, ಧರ್ಮ, ಆಸ್ತಿ, ಹುಟ್ಟು ಎಲ್ಲ ಇವೆ. ‘ಜಾತಿ’ ಎಂಬ ಪದ ಇಲ್ಲ. ‘ಹುಟ್ಟು’, ‘ಸಾಮಾಜಿಕ ಮೂಲ’ ಎಂಬ ಮಾತುಗಳೊಳಗೆ ಅದನ್ನು ಹುಡುಕಿಕೊಳ್ಳಬೇಕು. ಘೋಷಣೆಗೆ 11 ದಿನ ಮೊದಲು, 1948ರ ನವೆಂಬರ್ 29ರಂದು, ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದುಮಾಡುವ ವಿಧಿಯನ್ನು ಒಪ್ಪಿತ್ತು. ಇಂದಿನ 17ನೇ ವಿಧಿ ಅದು. ಘೋಷಣೆ ಮುಖ್ಯವಾಗಿ ಸರ್ಕಾರಗಳನ್ನು ಉದ್ದೇಶಿಸಿ ಬರೆದದ್ದು. 17ನೇ ವಿಧಿ ಹೋಟೆಲಿನವನನ್ನೂ ಬಾವಿಕಟ್ಟೆಯ ಮೇಲೆ ನಿಂತವನನ್ನೂ ಹಿಡಿಯುತ್ತದೆ, ಉಲ್ಲಂಘನೆ ಶಿಕ್ಷಾರ್ಹ ಅಪರಾಧ ಎನ್ನುತ್ತದೆ. ಈ ಒಂದು ವಿಷಯದಲ್ಲಿ ದೆಹಲಿ ಪ್ಯಾರಿಸ್ಸಿಗಿಂತ ಮುಂದೆ ಹೋಗಿತ್ತು.

ಘೋಷಣೆಗೆ ತನ್ನಷ್ಟಕ್ಕೆ ಕಾನೂನಿನ ಬಲ ಇಲ್ಲ. ಬಲ ಬಂದದ್ದು 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳಿಂದ, ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದ್ದು. 1976ರಲ್ಲಿ ಅವು ಜಾರಿಗೆ ಬಂದವು, 1979ರ ಏಪ್ರಿಲ್ 10ರಂದು ಭಾರತ ಸೇರಿತು. ಸೇರುವಾಗ ಒಂದು ಷರತ್ತು ಹಾಕಿತು: ಅಕ್ರಮವಾಗಿ ಬಂಧಿಸಿದರೆ ಪರಿಹಾರ ಕೊಡಬೇಕೆಂಬ ಕರಾರು ನಮಗೆ ಅನ್ವಯಿಸದು. ನಾಲ್ಕು ವರ್ಷದಲ್ಲಿ ಸುಪ್ರೀಂ ಕೋರ್ಟು ಆ ಗೋಡೆಯಲ್ಲಿ ಕಿಂಡಿ ಕೊರೆಯಿತು. ಬಿಹಾರದಲ್ಲಿ 1968ರಲ್ಲೇ ಖುಲಾಸೆಯಾಗಿದ್ದ ವ್ಯಕ್ತಿಯನ್ನು 1982ರವರೆಗೆ ಜೈಲಿನಲ್ಲೇ ಇಟ್ಟಿದ್ದರು; 1983ರಲ್ಲಿ ಕೋರ್ಟು ಸರ್ಕಾರದಿಂದ ಪರಿಹಾರ ಕೊಡಿಸಿತು. ಆ ಷರತ್ತಿಗೆ ಈಗ ಅರ್ಥವಿಲ್ಲ ಎಂದು 1996ರ ಡಿ.ಕೆ. ಬಸು ತೀರ್ಪಿನಲ್ಲಿ ನೇರವಾಗಿಯೇ ಹೇಳಿತು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಡಿಸೆಂಬರ್ 10ರ ವೇದಿಕೆಗಳಲ್ಲಿ ಈ ಮಾತು ಕೇಳಿಬರುವುದು ಅಪರೂಪ.

ಈಗ ಠಾಣೆಯ ಬೆಂಚಿಗೆ ಬರೋಣ. ಸಂವಿಧಾನದ 22ನೇ ವಿಧಿಯೂ ಅಪರಾಧ ಪ್ರಕರಣಗಳ ನಡಾವಳಿಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನ 58ನೇ ಕಲಮೂ ಒಂದೇ ಮಾತು ಹೇಳುತ್ತವೆ: ದಸ್ತಗಿರಿಯಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ವೇಳೆ ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ ಎಂಬ ನೆಪ ನಡೆಯದು. ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯಬೇಕು. ಎಡವುವುದು ಎಲ್ಲಿ? ‘ದಸ್ತಗಿರಿ ಮಾಡಿಲ್ಲ, ಸುಮ್ಮನೆ ವಿಚಾರಣೆಗೆ ಕರೆಸಿದ್ದೇವೆ’ ಎಂಬ ಒಂದು ವಾಕ್ಯದಲ್ಲಿ. ಎರಡು ದಿನ ಕೂರಿಸಿಕೊಂಡು ಮೂರನೇ ದಿನ ಬೆಳಿಗ್ಗೆ ದಸ್ತಗಿರಿ ಎಂದು ಬರೆದರೆ ಗಡಿಯಾರ ಅಲ್ಲಿಂದ ಓಡಲು ಶುರುವಾಗುತ್ತದೆ. ಆದ್ದರಿಂದ ಕರೆದೊಯ್ದ ಗಳಿಗೆಯಲ್ಲೇ ಮನೆಯವರು ವೇಳೆ ದಾಖಲಿಸಬೇಕು. ಎಸ್‌ಪಿ ಕಚೇರಿಗೋ ಪೊಲೀಸ್ ಕಮಿಷನರಿಗೋ ಒಂದು ಇಮೇಲ್ ಅಥವಾ ಸಂದೇಶ: ಇಂಥವರನ್ನು, ಇಷ್ಟು ಗಂಟೆಗೆ, ಇಂಥ ಠಾಣೆಯವರು, ಇಂಥ ನಂಬರಿನ ವಾಹನದಲ್ಲಿ ಕರೆದೊಯ್ದಿದ್ದಾರೆ. ನಾಲ್ಕು ಸಾಲು ಸಾಕು. ಕಳಿಸಿದ ವೇಳೆ ಅದರ ಮೇಲೇ ಇರುತ್ತದೆ, ಆಮೇಲೆ ಯಾರೂ ತಿದ್ದಲಾಗದು.

ಅದೇ ಸಂಹಿತೆಯ 36ನೇ ಕಲಮಿನ ಪ್ರಕಾರ ದಸ್ತಗಿರಿ ಮೆಮೊ ಬರೆಯಬೇಕು. ಮನೆಯವರೊಬ್ಬರೋ ಆ ಜಾಗದ ಗೌರವಸ್ಥರೊಬ್ಬರೋ ಸಾಕ್ಷಿ ಸಹಿ ಹಾಕಬೇಕು, ದಸ್ತಗಿರಿಯಾದವರ ಸಹಿಯೂ ಬೇಕು. ಸಹಿ ಹಾಕುವ ಮುನ್ನ ಅದರಲ್ಲಿರುವ ವೇಳೆ ನೋಡಿ. ತಪ್ಪಿದ್ದರೆ ಸಹಿಯ ಪಕ್ಕದಲ್ಲಿ ಸರಿಯಾದ ವೇಳೆ ಬರೆದು ಸಹಿ ಮಾಡಿ. ಬಂಧನದ ಕಾರಣ ತಿಳಿಸಬೇಕೆಂದು 47, ಮನೆಯವರಿಗೆ ತಿಳಿಸಬೇಕೆಂದು 48, ವಕೀಲರನ್ನು ಕಾಣಬಹುದೆಂದು 38, ವೈದ್ಯಕೀಯ ತಪಾಸಣೆ ಆಗಬೇಕೆಂದು 53ನೇ ಕಲಂ. ಸಾಕ್ಷಿ ಹೇಳಿಕೆಗೆಂದು ಹೆಂಗಸರನ್ನು, 15ರೊಳಗಿನ ಅಥವಾ 60 ದಾಟಿದ ಗಂಡಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಹೋಗಬೇಕು, ಅದು 179.

ಆಸ್ಪತ್ರೆಯಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ಪೊಲೀಸರು ಪಕ್ಕದಲ್ಲೇ ನಿಂತಿರುವಾಗ ವೈದ್ಯರು ‘ಹೇಗಾಯಿತು’ ಎಂದು ಕೇಳುತ್ತಾರೆ. ಹೆದರಿದವ ‘ಬಿದ್ದೆ’ ಎನ್ನುತ್ತಾನೆ. ಎಂಎಲ್‌ಸಿ (ಪೊಲೀಸ್ ಪ್ರಕರಣದ ಗಾಯ ದಾಖಲಿಸುವ) ವಹಿಯಲ್ಲಿ ‘ಬಿದ್ದು ಆದ ಗಾಯ’ ಎಂದು ದಾಖಲಾಗುತ್ತದೆ, ಮುಂದೆ ನಮ್ಮ ಮಾನವ ಹಕ್ಕುಗಳ ಆಯೋಗವೂ ಕೋರ್ಟೂ ಮೊದಲು ತೆರೆಯುವುದು ಅದೇ ಪುಟ. ಆಸ್ಪತ್ರೆಯಲ್ಲಿ ಹೇಳಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದಾದರೂ ‘ಹೊಡೆದಿದ್ದಾರೆ, ಇಲ್ಲಿ ಗಾಯವಿದೆ’ ಎಂದು ಬಾಯಿಬಿಟ್ಟು ಹೇಳಿ ಬರೆಸಿಕೊಳ್ಳಬೇಕು. ಬಾಸುಂಡೆ ಕಾಯುವುದಿಲ್ಲ: ಮೊದಲು ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ವಾರ ಕಳೆದರೆ ಹಳದಿ, ಎರಡು ವಾರಕ್ಕೆ ಚರ್ಮದಲ್ಲಿ ಏನೂ ಉಳಿಯದು. ಮೊದಲೆರಡು ದಿನದಲ್ಲಿ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಒಂದು ದೂರದಿಂದ, ಮುಖ ಕಾಣುವಂತೆ. ಒಂದು ಹತ್ತಿರದಿಂದ, ಪಕ್ಕದಲ್ಲಿ ಶಾಲೆಯ ಮಕ್ಕಳ ಸ್ಕೇಲು ಇಟ್ಟು. ಹತ್ತಿರದ್ದು ಮಾತ್ರ ಇದ್ದರೆ ಅದು ಯಾರ ಬೆನ್ನೋ ಎಂದು ವಾದಿಸುತ್ತಾರೆ.

ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯ, ಚಿತ್ರಗಳನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಹೇಳಿದೆ. ದೂರಿನಲ್ಲೇ ‘ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಕಾಯ್ದಿಡಬೇಕು’ ಎಂದು ಕೇಳಿ. ಕೇಳದೆ ಬಿಟ್ಟರೆ ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಹಿಂಬರಹ ಬರುವ ಸಂಭವವೇ ಹೆಚ್ಚು.

ಇನ್ನು ಆಯೋಗ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ, ಬೆಂಗಳೂರಿನಲ್ಲಿ ರಾಜ್ಯ ಆಯೋಗ ಇವೆ. ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. ರಾಷ್ಟ್ರೀಯ ಆಯೋಗಕ್ಕೂ ಕನ್ನಡದಲ್ಲೇ ಬರೆಯಬಹುದು. ಎಂಟನೇ ಅನುಸೂಚಿಯ ಯಾವ ಭಾಷೆಯಾದರೂ ಸರಿ. ಆದರೂ ಅರ್ಜಿಗಳು ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ, ಮತ್ತು ಬೀಳುವ ಜಾಗಗಳು ಗೊತ್ತಿರುವಂಥವೇ. ಘಟನೆ ನಡೆದು ಒಂದು ವರ್ಷ ದಾಟಿದರೆ 1993ರ ಆ ಕಾಯ್ದೆಯ 36ನೇ ಕಲಮಿನಡಿ ತನಿಖೆ ಇಲ್ಲ. ನಮ್ಮ ಜನ ಊರ ಪಂಚಾಯ್ತಿ, ಶಾಸಕರ ಮನೆ, ರಾಜಿ ಎಂದು ಅಲೆದು ಹನ್ನೊಂದು ತಿಂಗಳು ಕಳೆದಿರುತ್ತಾರೆ. ಮುಖ್ಯಮಂತ್ರಿಗೆ ಬರೆದ ಅರ್ಜಿಯ ಕೆಳಗೆ ‘ಪ್ರತಿ: ಮಾನವ ಹಕ್ಕುಗಳ ಆಯೋಗ’ ಎಂದು ಹಾಕಿ ಕಳಿಸಿದರೆ ಅದನ್ನು ದೂರು ಎಂದು ಪರಿಗಣಿಸುವುದಿಲ್ಲ. ಆಯೋಗದ ಅಧ್ಯಕ್ಷರ ಹೆಸರಿಗೇ ಬರೆಯಬೇಕು. ಹತ್ತು ಕಡೆ ಕಳಿಸಿದರೆ ಹತ್ತರಲ್ಲಿ ಒಂದಾದರೂ ಕೆಲಸ ಮಾಡೀತು ಎಂಬ ಲೆಕ್ಕವೂ ಇಲ್ಲಿ ತಿರುಗುಬಾಣ: ರಾಜ್ಯ ಆಯೋಗ ಕೈಗೆತ್ತಿಕೊಂಡದ್ದನ್ನು ರಾಷ್ಟ್ರೀಯ ಆಯೋಗ ಮುಟ್ಟುವಂತಿಲ್ಲ. ಕೋರ್ಟಿನಲ್ಲಿರುವ ವಿಷಯ, ನೌಕರಿಯ ಬಡ್ತಿ–ವರ್ಗಾವಣೆ, ಹೆಸರಿಲ್ಲದ ಅರ್ಜಿ, ಓದಲಾಗದ ಕೈಬರಹ ಇವೂ ಬೀಳುತ್ತವೆ. ಹೊಲದ ಬದುವಿನ ತಕರಾರು ಮಾನವ ಹಕ್ಕಿನ ಉಲ್ಲಂಘನೆಯಲ್ಲ. ಅದನ್ನು ಅಳೆಯಲು ಹೋದ ಸರ್ವೇಯರನ ಎದುರೇ ಪೊಲೀಸರು ಹೊಡೆದರೆ ಉಲ್ಲಂಘನೆ.

ಜಾತಿ ದೌರ್ಜನ್ಯವಾದರೆ ಮೊದಲು ಆಯೋಗವಲ್ಲ, 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್. ಅದಕ್ಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 18ಎ ಕಲಮಿನಲ್ಲಿ ಬರೆದೇ ಇದೆ. ಠಾಣೆಯವರು ಎಫ್‌ಐಆರ್ ಹಾಕದೆ ವಾಪಸು ಕಳಿಸಿದ ಮೇಲೆ, ಆ ಕರ್ತವ್ಯಲೋಪವನ್ನು ಹಿಡಿದು ಆಯೋಗಕ್ಕೆ ಹೋಗಬಹುದು. ಪೊಲೀಸರು ಹಿಡಿದೊಯ್ದವರನ್ನು ಎಲ್ಲಿಟ್ಟಿದ್ದಾರೆಂದೇ ತಿಳಿಯದಿದ್ದರೆ ಆಯೋಗದ ದಾರಿ ನಿಧಾನವಾದೀತು. ಆಗ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದೊಯ್ದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ, ಹಾಕಬೇಕು. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ದೂರು ಎರಡು ಪುಟ ಮೀರದಿದ್ದರೆ ಒಳ್ಳೆಯದು. ನೊಂದವರ ಹೆಸರು, ವಿಳಾಸ, ದಿನಾಂಕ, ವೇಳೆ, ಜಾಗ, ಯಾರು ಏನು ಮಾಡಿದರು, ಕಂಡವರು ಯಾರು, ಈ ವಿಷಯ ಬೇರೆಲ್ಲೂ ಬಾಕಿ ಇಲ್ಲ ಎಂಬ ಒಂದು ಸಾಲು, ಏನು ಬೇಕು. ಅಧಿಕಾರಿಯ ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ, ಠಾಣೆ, ಭುಜದ ಮೇಲೆ ಎಷ್ಟು ನಕ್ಷತ್ರ ಇತ್ತು ಎಂಬುದನ್ನು ಬರೆದರೂ ನಡೆಯುತ್ತದೆ. ‘ಅಮಾನವೀಯವಾಗಿ, ರಾಕ್ಷಸರಂತೆ ವರ್ತಿಸಿದರು’ ಎಂದು ಅರ್ಧ ಪುಟ ಬರೆಯುವ ಬದಲು ‘ಬಲಗೈ ಬೆರಳುಗಳ ಮೇಲೆ ಲಾಠಿಯಿಂದ ಮೂರು ಏಟು’ ಎಂದು ಬರೆಯಿರಿ. ಗಾಯದ ಸರ್ಟಿಫಿಕೇಟಿನೊಡನೆ ತಾಳೆ ನೋಡಲು ಬರುವುದು ಎರಡನೆಯದು ಮಾತ್ರ. ಅಸಲು ಪ್ರತಿಗಳನ್ನು ಕಳಿಸಬೇಡಿ, ಜೆರಾಕ್ಸ್ ಸಾಕು. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ನಕಲಿಗೆ ಪಿನ್ ಮಾಡಿಡಿ.

ಆಯೋಗಕ್ಕೆ ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಡುವ, ದಾಖಲೆ ತರಿಸುವ ಅಧಿಕಾರವಿದೆ. ಶಿಕ್ಷೆ ಕೊಡುವಂತಿಲ್ಲ, 18ನೇ ಕಲಮಿನಡಿ ಪರಿಹಾರ, ಮೊಕದ್ದಮೆ, ಶಿಸ್ತುಕ್ರಮಕ್ಕೆ ಶಿಫಾರಸು ಮಾಡಬಹುದು, ಸರ್ಕಾರ ಒಂದು ತಿಂಗಳಲ್ಲಿ ಉತ್ತರಿಸಬೇಕು. ಇಡೀ ಕಾಯ್ದೆಯ ದುರ್ಬಲ ಜಾಗ ಇದೇ ಎಂದು ನಮ್ಮ ಅಭಿಪ್ರಾಯ. ಜೊತೆಗೆ ರಾಜ್ಯ ಆಯೋಗದ ತನಿಖೆ ನಡೆಸುವವರೂ ಪೊಲೀಸ್ ಅಧಿಕಾರಿಗಳೇ. ಐಜಿಪಿ ದರ್ಜೆಗಿಂತ ಕಡಿಮೆಯಿಲ್ಲದವರು ಅದರ ಮುಖ್ಯಸ್ಥರಾಗಿರಬೇಕು ಎಂದು 27ನೇ ಕಲಮೇ ಹೇಳುತ್ತದೆ. ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ತೀರ್ಪಿತ್ತಿದೆ. ಕಾಯ್ದೆಯಲ್ಲೇ ಅದನ್ನು ಬರೆದುಬಿಟ್ಟರೆ ಊರೂರಿನ ಹೈಕೋರ್ಟುಗಳಲ್ಲಿ ಇದನ್ನೇ ಮತ್ತೆ ವಾದಿಸುವುದು ತಪ್ಪುತ್ತದೆ.

ಪತ್ರಿಕೆಗೆ ಒಂದು ಕೋರಿಕೆ. ಮುಂದಿನ ಡಿಸೆಂಬರ್ 10ರಂದು ಗಣ್ಯರ ಸಂದೇಶ, ಭಾವಚಿತ್ರಗಳಿಗೆ ಮೀಸಲಿಡುವ ಪುಟದಲ್ಲಿ ಘೋಷಣೆಯ ಮೂವತ್ತೂ ವಿಧಿಗಳ ಕನ್ನಡ ಪಾಠವನ್ನೇ ಅಚ್ಚು ಹಾಕಿ. ಇಂಗ್ಲಿಷಿನಲ್ಲಿ ಅದು 1,800 ಪದ ದಾಟುವುದಿಲ್ಲ, ಕನ್ನಡದಲ್ಲಿ ಒಂದೇ ಪುಟಕ್ಕೆ ಹಿಡಿಯುತ್ತದೆ. ಕೆಳಗೆ ಜಾಗ ಉಳಿದರೆ ರಾಜ್ಯ ಆಯೋಗದ ಅಂಚೆ ವಿಳಾಸ, ‘ಒಂದು ವರ್ಷದೊಳಗೆ’ ಎಂಬ ಎರಡು ಪದ ದಪ್ಪಕ್ಷರದಲ್ಲಿ.

ಇಂತಿ,
ನಾಲ್ವರು ವಕೀಲ ಓದುಗರು, ಧಾರವಾಡ
(ಹೆಸರು, ವಿಳಾಸ ಪತ್ರಿಕೆಗೆ ಕೊಟ್ಟಿದ್ದೇವೆ)